ಎಚ್ಚರವಾಯಿತು, ಆಮೇಲೆ ಎದ್ದೆ



ನಂಜನಗೂಡಿನ ಕಡೆ ವಯಸ್ಸಾದವರನ್ನು ಬೆಳಿಗ್ಗೆ ಮಾತನಾಡಿಸಿ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ ನೋಡಿ. “ಮೂರು ಗಂಟೆಗೇ ಎಚ್ಚರ ಆಗೋಯ್ತು ಕಣಪ್ಪ, ಏಳಕ್ಕೆ ಮನಸ್ಸು ಬರ್ನಿಲ್ಲ, ಹಂಗೇ ಮಗ್ಗುಲಾಗಿ ಬಿದ್ದಿದ್ದೆ, ಬೆಳಕು ಹರಿದ ಮೇಲೆ ಎದ್ದೆ” ಅನ್ನುತ್ತಾರೆ. ಎಚ್ಚರವಾಗುವುದು ಬೇರೆ, ಏಳುವುದು ಬೇರೆ. ಇದನ್ನು ಇಲ್ಲಿ ಯಾರಿಗೂ ಯಾರೂ ಕಲಿಸಿಲ್ಲ. ಇನ್ನೂ ಅಂಗನವಾಡಿಗೆ ಹೋಗುವ ಮಗುವಿಗೂ ಅದು ಗೊತ್ತು. ಅವ್ವ ಬಂದು “ಎದ್ದೇಳ್ಲಾ ಮಗ” ಎಂದಾಗ, ಎಚ್ಚರವಾಗಿದ್ದರೂ ಕಣ್ಣು ಮುಚ್ಚಿಕೊಂಡು ಮಲಗಿರುವ ವಿದ್ಯೆ ಯಾವ ಮಗುವಿಗೆ ಬರುವುದಿಲ್ಲ?

ಅದೇ ಮಗು ಶಾಲೆಗೆ ಬಂದು ಇಂಗ್ಲಿಷ್ ಪಾಠಕ್ಕೆ ಕೂತಾಗ ನಾವು ಮಾಡುವುದೇನು? ವೇಕ್ ಅಪ್ ಅಂದರೆ ಏಳು, ಗೆಟ್ ಅಪ್ ಅಂದರೆ ಏಳು, ರೈಸ್ ಅಂದರೆ ಏಳು, ಅರೈಸ್ ಅಂದರೂ ಏಳು ಎಂದು ನೋಟ್ ಪುಸ್ತಕದಲ್ಲಿ ಬರೆಸುತ್ತೇವೆ. ನಾಲ್ಕು ಮಾತಿಗೂ ಒಂದೇ ಅರ್ಥ ಬರೆದುಕೊಂಡ ಮಗು, ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಪರೀಕ್ಷೆಯಲ್ಲಿ ಕಣ್ಣು ಕಣ್ಣು ಬಿಡುತ್ತದೆ. 2007ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ದಿನಚರಿಯ ಪಾಠ ಯಾವ ಪುಸ್ತಕದಲ್ಲೂ ತಪ್ಪುವುದಿಲ್ಲ. ಅಂದರೆ ಬೆಳಿಗ್ಗೆ ಏಳುವ ಈ ಮಾತು ನಮ್ಮ ಹಳ್ಳಿಯ ಮಗು ಇಂಗ್ಲಿಷಿನಲ್ಲಿ ಕಲಿಯುವ ಮೊದಮೊದಲ ಕ್ರಿಯಾಪದಗಳಲ್ಲಿ ಒಂದು. ಅಲ್ಲೇ ಅದು ಎಡವುತ್ತಿದ್ದರೆ ಕಾರಣ ಹುಡುಕಬೇಕು. ಮನೆಯ ಕನ್ನಡವನ್ನು ಹೊಸಲಿನಾಚೆ ನಿಲ್ಲಿಸಿ ಇಂಗ್ಲಿಷನ್ನು ಒಳಗೆ ಕರೆಯಲು ಹೊರಟಿದ್ದೇ ಆ ಕಾರಣ ಎಂದು ನಾನು ನಂಬಿದ್ದೇನೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ಬಂದವನಾಗಿ ಇವತ್ತು ಅದನ್ನೇ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಮಾತನ್ನೇ ನೋಡೋಣ. “ನನಗೆ ಎಚ್ಚರವಾಯಿತು” ಎನ್ನುತ್ತೇವೆ, “ನಾನು ಎದ್ದೆ” ಎನ್ನುತ್ತೇವೆ. ಒಂದರಲ್ಲಿ ‘ನನಗೆ’, ಇನ್ನೊಂದರಲ್ಲಿ ‘ನಾನು’. ನನಗೆ ಹಸಿವಾಯಿತು, ನನಗೆ ನಿದ್ದೆ ಬಂತು, ನನಗೆ ನೆನಪಾಯಿತು ಎನ್ನುವ ಸಾಲಿಗೆ ಎಚ್ಚರವೂ ಸೇರಿದೆ. ಇವೆಲ್ಲ ನಾವು ಮಾಡುವ ಕೆಲಸಗಳಲ್ಲ, ನಮಗೆ ಆಗುವ ಸಂಗತಿಗಳು. ಏಳುವುದು ಹಾಗಲ್ಲ. ಅದಕ್ಕೆ ಮನಸ್ಸು ಬೇಕು, ಮೈ ಬಗ್ಗಬೇಕು, ಕಂಬಳಿ ಸರಿಸಬೇಕು. ಹಾಗಾಗಿ ಅಲ್ಲಿ ‘ನಾನು’ ಬರುತ್ತದೆ. ಇಷ್ಟು ಸೂಕ್ಷ್ಮವನ್ನು ಕನ್ನಡ ಒಂದು ವಿಭಕ್ತಿ ಪ್ರತ್ಯಯದಲ್ಲಿ ಹೇಳಿ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಐ’ ಒಂದೇ: ಐ ವೋಕ್ ಅಪ್, ಐ ಗಾಟ್ ಅಪ್. ಅಲ್ಲಿ ವ್ಯತ್ಯಾಸವೆಲ್ಲ ಕ್ರಿಯಾಪದದ ತಲೆಯ ಮೇಲೆ ಬೀಳುತ್ತದೆ. ವೇಕ್ ಅಪ್ ಎಂದರೆ ನಿದ್ದೆ ಬಿಟ್ಟು ಹೋಗುವುದು, ನಮ್ಮ ಎಚ್ಚರವಾಗುವುದು. ಗೆಟ್ ಅಪ್ ಎಂದರೆ ಹಾಸಿಗೆ ಬಿಡುವುದು, ನಮ್ಮ ಏಳುವುದು. ಅಷ್ಟೇ. ಇಷ್ಟನ್ನು ಮಗುವಿಗೆ ಮೊದಲ ದಿನವೇ ಹೇಳಿದರೆ ಉಳಿದ ಹಾದಿಯಲ್ಲಿ ಅರ್ಧ ಸವೆದಂತೆ.

ನಮ್ಮ ಪಂಚಾಂಗವೂ ಈ ಎರಡನ್ನು ಬೇರೆ ಮಾಡಿಟ್ಟಿದೆ. ಆಷಾಢದ ಏಕಾದಶಿಯಂದು ಮಲಗಿದ ಮಹಾವಿಷ್ಣುವಿಗೆ ಕಾರ್ತಿಕ ಶುದ್ಧ ಏಕಾದಶಿಯಂದು ಎಚ್ಚರ. ಅದು ಪ್ರಬೋಧಿನಿ ಏಕಾದಶಿ. ಮರುದಿನ ತುಳಸಿ ಹಬ್ಬ, ಉತ್ಥಾನ ದ್ವಾದಶಿ. ಪ್ರಬೋಧವೆಂದರೆ ಎಚ್ಚರ, ಉತ್ಥಾನವೆಂದರೆ ಏಳುವುದು. ಕೆಲವರು ಏಕಾದಶಿಯನ್ನೇ ಉತ್ಥಾನ ಏಕಾದಶಿ ಎನ್ನುವುದೂ ಉಂಟು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಉತ್ಥಾನ ಎಂದರೆ ನೆಲ್ಲಿಕೊಂಬೆ ನೆಟ್ಟು ತುಳಸಿಗೆ ದೀಪ ಹಚ್ಚುವ ದ್ವಾದಶಿಯೇ. ದೇವರಿಗೇ ಎಚ್ಚರವಾಗಲು ಒಂದು ದಿನ, ಏಳಲು ಇನ್ನೊಂದು ದಿನ ಎಂದು ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ಗುಡಿಗೆ ಅಜ್ಜಿಯ ಜೊತೆ ಹೋಗಿ ಬರುವ ಮಗುವಿಗೆ ಹೇಳಿ. ವೇಕ್ ಅಪ್, ಗೆಟ್ ಅಪ್‌ಗಳನ್ನು ಅದು ಮತ್ತೆ ಕಲಸಿಕೊಳ್ಳುವುದಿಲ್ಲ.

ತರಗತಿಯಲ್ಲಿ ನಾನು ಮಾಡುವುದು ಇಷ್ಟು. ಹಲಗೆಯ ಮೇಲೆ ಎರಡು ಗಡಿಯಾರ ಬರೆಯುತ್ತೇನೆ. ಒಂದರಲ್ಲಿ ಐದು ಗಂಟೆ, ಇನ್ನೊಂದರಲ್ಲಿ ಐದೂವರೆ. “ನಿನಗೆ ಎಷ್ಟು ಹೊತ್ತಿಗೆ ಎಚ್ಚರ ಆಯ್ತು? ಎಷ್ಟು ಹೊತ್ತಿಗೆ ಎದ್ದೆ?” ಎಂದು ಕನ್ನಡದಲ್ಲೇ ಕೇಳುತ್ತೇನೆ. ಎರಡು ಪ್ರಶ್ನೆಗೆ ಎರಡು ಉತ್ತರ ಬರುತ್ತದೆ. ಆಮೇಲೆ ಮೊದಲ ಗಡಿಯಾರದ ಕೆಳಗೆ ‘ವೋಕ್ ಅಪ್’, ಎರಡನೆಯದರ ಕೆಳಗೆ ‘ಗಾಟ್ ಅಪ್’ ಎಂದು ಬರೆದರೆ ಮುಗಿಯಿತು. ನಡುವಿನ ಆ ಅರ್ಧ ಗಂಟೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಇಡೀ ತರಗತಿ ಬಾಯಿ ಬಿಡುತ್ತದೆ. ಒಬ್ಬಳಿಗೆ ಹಟ್ಟಿಯಲ್ಲಿ ಹಸು ಕೂಗಿದ್ದು ಕೇಳುತ್ತಿತ್ತು, ಇನ್ನೊಬ್ಬನಿಗೆ ತಮ್ಮನ ಕಾಲು ಹೊಟ್ಟೆಯ ಮೇಲಿತ್ತು, ಮತ್ತೊಬ್ಬಳು ಬಚ್ಚಲ ಒಲೆಯ ಹೊಗೆ ಮೂಗಿಗೆ ಬಂದು ಮುಸುಕು ಎಳೆದುಕೊಂಡಿದ್ದಳು. ಇಂಗ್ಲಿಷಿನಲ್ಲಿ ಹೇಳಲು ಮಕ್ಕಳಿಗೆ ಏನಾದರೂ ಬೇಕಲ್ಲ, ಅದು ಅಲ್ಲಿ ಸಿಗುತ್ತದೆ.

ಕಣ್ಣು ಬಿಡಲು ಮನಸ್ಸಿಲ್ಲದ ಆ ಹೊತ್ತಿನಿಂದಲೇ ಮೈಸೂರಿನ ಒಂದು ದೊಡ್ಡ ಕಾದಂಬರಿ ಶುರುವಾಗುತ್ತದೆ. ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂದದ್ದು. ಸೋಮವಾರದ ಬೆಳಿಗ್ಗೆ, ಶಾಲೆಗೆ ಹೋಗಬೇಕಾದ ಹುಡುಗ, ಕಣ್ಣು ತೆರೆಯಲೊಲ್ಲ. ನಾರಾಯಣ್ ಅಲ್ಲಿ ದೊಡ್ಡ ಪದವನ್ನೇನೂ ಹುಡುಕಲಿಲ್ಲ. ನಮ್ಮ ಮನೆಗಳಲ್ಲಿ ‘ಕಣ್ಣು ಬಿಡೋ’ ಎನ್ನುತ್ತೇವಲ್ಲ, ಅಷ್ಟೇ ಸರಳವಾದ ಇಂಗ್ಲಿಷಿನಲ್ಲಿ ಬರೆದರು. ಮೈಸೂರಿನವರೊಬ್ಬರು ಬರೆದ ಇಂಗ್ಲಿಷ್ ಜಗತ್ತಿಗೆಲ್ಲ ಮುಟ್ಟಿದ್ದು ಈ ಸರಳತೆಯಿಂದ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಬೆಳಗಿನ ಎಚ್ಚರಕ್ಕೆ ನಂಟಿರುವ ಇನ್ನೊಂದೂ ಅಲ್ಲೇ ಹುಟ್ಟಿತು. ಅದೇ 1935ರಲ್ಲಿ ಇದೇ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಮುಂದೆ ವಾಲ್ಟರ್ ಕಾಫ್‌ಮನ್ ಕಟ್ಟಿದ ಆಕಾಶವಾಣಿಯ ಸಂಕೇತ ರಾಗ ಬೆಳಿಗ್ಗೆ ರೇಡಿಯೋದಲ್ಲಿ ಬಂದರೆ ಎಷ್ಟೋ ಮನೆಗಳಲ್ಲಿ ಅದೇ ಎಬ್ಬಿಸುವ ಗಂಟೆಯಾಯಿತು. ಈಗಲೂ ಅದನ್ನು ಕೇಳಿಯೇ ಒಲೆ ಹಚ್ಚುವ ಮನೆಗಳು ಈ ಎರಡು ತಾಲ್ಲೂಕುಗಳಲ್ಲಿ ಇವೆ.

ಏಳುವ ಮಾತು ನಮ್ಮ ಕಡೆ ಎಷ್ಟು ನಿಖರವಾಗಿ ಬಳಕೆಯಲ್ಲಿದೆ ಎಂದು ನೋಡಬೇಕಾದರೆ ತಿ. ನರಸೀಪುರದ ಕಡೆಯ ಒಂದು ರೇಷ್ಮೆ ಹುಳುಮನೆಗೆ ಹೋಗಬೇಕು. ಮೈಸೂರು ರೇಷ್ಮೆ ಸೀರೆಗೆ ನೂಲು ತೆಗೆಯುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆ.ಎಸ್.ಐ.ಸಿ.) ಕಾರ್ಖಾನೆ ತಿ. ನರಸೀಪುರದಲ್ಲಿದೆ. ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳಿವೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಒಂದು ಹಗಲು ಒಂದು ರಾತ್ರಿ, ಹೆಚ್ಚೂಕಡಿಮೆ ಅಷ್ಟು ಹೊತ್ತು. ಚೀನಾದಲ್ಲಿ, ಜಪಾನಿನಲ್ಲಿ ಇದನ್ನು ನಿದ್ದೆ ಎಂದೇ ಕರೆಯುತ್ತಾರೆ. ನಮ್ಮ ರೈತರು ಜ್ವರ ಎನ್ನುತ್ತಾರೆ: ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು ಜ್ವರ. “ಹುಳ ಜ್ವರಕ್ಕೆ ಕೂತವೆ” ಎಂದರೆ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುವ ಹೊತ್ತು. ಪೊರೆ ಕಳಚಿದ ಮೇಲೆ “ಹುಳ ಎದ್ದವೆ” ಎನ್ನುತ್ತಾರೆ.

ಈ ‘ಎದ್ದವೆ’ ಎಂಬ ಮಾತನ್ನು ಹೇಳುವ ಮುನ್ನ ಹುಳುಮನೆಯಾಕೆ ತಟ್ಟೆಯ ಮೇಲೆ ಬಗ್ಗಿ ನೋಡುವ ರೀತಿಯನ್ನು ನಾನು ಕಂಡಿದ್ದೇನೆ. ಎದ್ದ ಹುಳದ ತಲೆ ದಪ್ಪ, ಮೈ ಸುಕ್ಕು, ಬಾಯಿ ಕಂದು. ಏಳದ ಹುಳದ ಮೈ ಬಿಗಿದುಕೊಂಡು ಹೊಳೆಯುತ್ತಿರುತ್ತದೆ. ಒಂದು ಹುಳ ಸ್ವಲ್ಪ ಮಿಸುಕಿದರೆ ಅದು ಎದ್ದಂತಲ್ಲ. ಹತ್ತಾರು ಹುಳ ಎದ್ದವೆಂದು ಆತುರಪಟ್ಟು ಸೊಪ್ಪು ಹಾಕಿದರೆ, ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ. ಆಮೇಲೆ ಆ ಬೆಳೆ ಒಂದೇ ಸಮನಾಗಿ ಹಣ್ಣಾಗುವುದಿಲ್ಲ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ ಪರದಾಟ. ಹಾಗಾಗಿ ಹೆಚ್ಚೂಕಡಿಮೆ ಎಲ್ಲ ಹುಳ ಏಳುವವರೆಗೂ ಆಕೆ ಕಾಯುತ್ತಾಳೆ. ಮಿಸುಕುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಟರ್’ ಎಂಬ ಮಾತಿದೆ. ನಿದ್ದೆಯಲ್ಲಿರುವ ಮಗು ಸ್ವಲ್ಪ ಅಲ್ಲಾಡಿತು, ಆದರೆ ಎಚ್ಚರವಾಗಲಿಲ್ಲ ಎನ್ನುವಾಗ ಅದೇ ಮಾತು. ಸ್ಟರ್, ವೇಕ್, ಗೆಟ್ ಅಪ್ ಈ ಮೂರರ ಅಂತರ ಆ ಹುಳುಮನೆಯ ಮಗಳಿಗೆ ಕೈಯಲ್ಲಿ ಹಿಡಿದಷ್ಟು ಗೊತ್ತು. ಅವಳು ತರಗತಿಗೆ ಬಂದಾಗ ಅವಳಿಂದ ಕೇಳಿ ತಿಳಿಯುವುದು ನಮಗೇ ಬೇಕಾದಷ್ಟಿದೆ.

ಇನ್ನು ಎದ್ದಿರುವುದು. “ಇನ್ನೂ ಎದ್ದಿದ್ದೀಯಾ?” ಎಂದು ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದವರು ಕೇಳುತ್ತಾರೆ. ಎದ್ದು ನಿಂತಿದ್ದೀಯಾ ಎಂದು ಅವರು ಕೇಳುತ್ತಿಲ್ಲ, ಮಲಗಿಲ್ಲವೇ ಎಂದು ಕೇಳುತ್ತಿದ್ದಾರೆ. ಇಂಗ್ಲಿಷಿನವರೂ ಹೀಗೇ ‘ಆರ್ ಯೂ ಸ್ಟಿಲ್ ಅಪ್’ ಎನ್ನುತ್ತಾರೆ. ರಾತ್ರಿ ನಿದ್ದೆಗೆಟ್ಟು ಕೂರುವುದಕ್ಕೆ ‘ಸ್ಟೇ ಅಪ್’. ನಂಜನಗೂಡು ತಾಲ್ಲೂಕಿನ ಬೋರ್‌ವೆಲ್ ರೈತನಿಗೆ ಇದು ಚೆನ್ನಾಗಿ ಗೊತ್ತಿರುವ ಕಷ್ಟ. ರಾತ್ರಿ ತ್ರೀಫೇಸ್ ಕರೆಂಟು ಕೊಡುವ ದಿನಗಳಲ್ಲಿ ಅದು ಬರುವವರೆಗೂ ಎದ್ದಿರಬೇಕು. ಅದು ಸ್ಟೇ ಅಪ್. ಮಲಗಿ, ಕರೆಂಟು ಬಂದ ಸದ್ದಿಗೆ ನಡುರಾತ್ರಿ ಎದ್ದು ನೀರು ಕಟ್ಟಲು ಹೋದರೆ ಅದು ಗೆಟ್ ಅಪ್. ಎರಡರ ದಣಿವೂ ಬೇರೆ ಬೇರೆ. ಶಿವರಾತ್ರಿಯ ಜಾಗರಣೆ ಸ್ಟೇ ಅಪ್‌ಗೆ ಸೇರಿದ್ದು. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆಗೆ ಕೂತರೆ ಬೆಳಕು ಹರಿಯುವವರೆಗೂ ಊರು ಎದ್ದಿರುತ್ತದೆ. ಸಾವಿನ ಮನೆಯಲ್ಲಿ ರಾತ್ರಿಯೆಲ್ಲ ಭಜನೆ ಮಾಡುತ್ತ ಹೆಣದ ಬಳಿ ಕೂರುವ ಪದ್ಧತಿ ನಮ್ಮಲ್ಲಿದೆ. ಐರ್ಲೆಂಡಿನಲ್ಲೂ ಸತ್ತವರ ಬಳಿ ನೆಂಟರಿಷ್ಟರು ರಾತ್ರಿ ಎಚ್ಚರವಿರುತ್ತಾರೆ, ಅದಕ್ಕೆ ‘ವೇಕ್’ ಎಂದೇ ಹೆಸರು. ಇದೇ ಕ್ರಿಯಾಪದ ಅಲ್ಲಿ ನಾಮಪದವಾಗಿ ಕೂತಿದೆ.

ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಕಾದಂಬರಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅದರಲ್ಲಿ ಊರು ಮಲಗಿದ ಮೇಲೆ ದೀಪದ ಜೋತಮ್ಮಂದಿರು ಎದ್ದಿದ್ದು ಮಾತಿಗೆ ಕೂರುತ್ತಾರೆ. ಈ ಭಾಗದ ಆಡುಮಾತಿನಲ್ಲೇ ಬರೆದ ಆ ಪುಸ್ತಕಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಸಾಹಿತ್ಯವನ್ನು ಹೊತ್ತ ಮಾತನ್ನು ತರಗತಿಯಲ್ಲಿ ಮಗು ಆಡಿದರೆ “ಸರಿಯಾಗಿ ಮಾತಾಡು” ಎಂದು ಗದರುವವರು ಇಂದಿಗೂ ಇದ್ದಾರೆ. ಗದರಿಸಿಕೊಂಡ ಮಗು ಕನ್ನಡವನ್ನೂ ನುಂಗಿಕೊಳ್ಳುತ್ತದೆ, ಇಂಗ್ಲಿಷನ್ನೂ ನುಂಗಿಕೊಳ್ಳುತ್ತದೆ. ಇದು ನನಗೆ ನೋವು ಕೊಡುವ ಸಂಗತಿ.

ಎಚ್ಚರ ಎಂಬ ಮಾತಿಗೆ ಇನ್ನೊಂದು ಮುಖವಿದೆ. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನಲ್ಲಿ ಕಪಿಲಾ ಹೊಳೆ ಉಕ್ಕುತ್ತದೆ. ಸ್ನಾನಘಟ್ಟ ಮುಳುಗುತ್ತದೆ, ಹದಿನಾರು ಕಾಲು ಮಂಟಪ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯ ಮೇಲೇ ಹೊಳೆ ಹರಿದು ಬಸ್ಸು ನಿಂತವು. ಅಂಥ ರಾತ್ರಿ ಹೊಳೆಯ ಪಕ್ಕದ ಬೀದಿಗಳಲ್ಲಿ ಮೈಕು ಹಿಡಿದು “ಎಚ್ಚರವಾಗಿರಿ” ಎಂದು ಕೂಗಿದರೆ ಅದರಲ್ಲಿ ಎರಡು ಅರ್ಥವೂ ಸೇರಿರುತ್ತದೆ: ನಿದ್ದೆ ಮಾಡಬೇಡಿ, ಹುಷಾರಾಗಿರಿ. ಎಚ್ಚರ, ಎಚ್ಚರಿಕೆ, ಎಚ್ಚರಿಸು, ಎಚ್ಚೆತ್ತುಕೊಳ್ಳು ಎಲ್ಲ ಒಂದೇ ಬಳ್ಳಿಯವು. ಇಂಗ್ಲಿಷಿನಲ್ಲೂ ಈ ನೆಂಟಸ್ತನವಿದೆ, ಆದರೆ ಮರೆಯಾಗಿದೆ. ವೇಕ್ ಮತ್ತು ವಾಚ್ ಒಂದೇ ಬೇರಿನಿಂದ ಬಂದ ಮಾತುಗಳು. ವಾಚ್‌ಮನ್ ಎಂದರೆ ಮೂಲದಲ್ಲಿ ಎಚ್ಚರವಿರುವವನು. ಹಡಗಿನ ಮೇಲೆ ಸರದಿಯ ಕಾವಲಿಗೂ ವಾಚ್ ಎನ್ನುತ್ತಾರೆ. ನಮ್ಮ ಬೆಳಗಿನ ಜಾವದ ‘ಜಾವ’ವೂ ಹೀಗೇ ಹೊತ್ತಿನ ಅಳತೆ, ಮೂರು ಗಂಟೆಯದು. ಎಚ್ಚರ ತಪ್ಪಿ ಬಿದ್ದವರಿಗೆ ಎಚ್ಚರ ಬಂದರೆ ಮಾತ್ರ ಇಂಗ್ಲಿಷಿನಲ್ಲಿ ವೇಕ್ ಅಪ್ ಎನ್ನುವುದು ಅಷ್ಟು ಸರಿಹೋಗುವುದಿಲ್ಲ. ‘ಕೇಮ್ ಟು’ ಅಥವಾ ‘ಕೇಮ್ ರೌಂಡ್’ ಎನ್ನಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದಿರುವ ಹುಡುಗ ಹುಡುಗಿಯರು ಇದನ್ನು ಗುರುತು ಹಾಕಿಕೊಳ್ಳಿ. ಕಾಯಿಲೆಯಿಂದ ಎದ್ದವರಿಗೆ ‘ಅಪ್ ಅಂಡ್ ಅಬೌಟ್’. ಹಾಸಿಗೆ ಬಿಟ್ಟು ಓಡಾಡುತ್ತಿದ್ದಾರೆ ಎಂದು.

ಈಗ ರೈಸ್. ತಿ. ನರಸೀಪುರ ಕಾಲುವೆ ನೀರಿನ ನಾಡು, ಭತ್ತದ ನಾಡು. ಅಲ್ಲಿ ರೈಸ್ ಎಂದರೆ ಮಿಲ್ಲು, ಮೂಟೆ, ಅನ್ನ. ಏಳುವ ರೈಸ್‌ನ ಕೊನೆಯ ಧ್ವನಿ ಬೇರೆ: ನಾಲಗೆ ಸಕಾರದ ಜಾಗದಲ್ಲೇ ಇದ್ದು ಗಂಟಲು ಗುಯ್‌ಗುಡಬೇಕು. ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೆ ಗುರುತಿಲ್ಲ. ಉರ್ದು ಮನೆಮಾತಿನ ಮಕ್ಕಳು ‘ಬಜಾರ್’ ಎನ್ನುವುದನ್ನು ಕೇಳಿ ಕಲಿಯಬಹುದು. ತರಗತಿಯಲ್ಲಿ ಅಂಥ ಮಗುವಿದ್ದರೆ ಅದರಿಂದಲೇ ಹೇಳಿಸಿ. ಈ ರೈಸ್ ಹಾಸಿಗೆಯಿಂದ ಏಳುವುದಕ್ಕೆ ಮಾತಿನಲ್ಲಿ ಈಗ ಅಪರೂಪ. ಗಾದೆಯಲ್ಲಿ, ಬೇಗ ಏಳುವವರನ್ನು ‘ಅರ್ಲಿ ರೈಸರ್’ ಎನ್ನುವುದರಲ್ಲಿ, ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲುವುದರಲ್ಲಿ ಉಳಿದುಕೊಂಡಿದೆ. ಹೊಗೆ ಏಳುವುದು, ಅಲೆ ಏಳುವುದು, ಜನ ದಂಗೆ ಏಳುವುದು, ಇವಕ್ಕೆಲ್ಲ ರೈಸ್ ಸರಿಯಾದ ಮಾತು. ಪ್ರಶ್ನೆ ಏಳುವುದಕ್ಕೆ ಮಾತ್ರ ಅರೈಸ್. ಸೂರ್ಯನಿಗೂ ರೈಸ್ ಎನ್ನುತ್ತಾರೆ. ಕನ್ನಡದಲ್ಲಿ ಹೊತ್ತು ಹುಟ್ಟುತ್ತದೆ, ಮೂಡುತ್ತದೆ. ಅದು ಏಳುವುದಿಲ್ಲ. ಇಲ್ಲಿ ಕನ್ನಡ ಬೇರೆ, ಇಂಗ್ಲಿಷ್ ಬೇರೆ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಅವೇಕ್, ಅವೇಕನ್, ವೇಕನ್ ಎಂದು ಇನ್ನೂ ಮೂರು ಇವೆ. ಹಳೆಯ ಇಂಗ್ಲಿಷಿನಲ್ಲಿ ಬೇರೆಬೇರೆಯಾಗಿದ್ದ ಕ್ರಿಯಾಪದಗಳು ಶತಮಾನಗಳಲ್ಲಿ ಒಂದರೊಳಗೊಂದು ಹೆಣೆದುಕೊಂಡು ಹೀಗಾಗಿವೆ. ಇಂಗ್ಲಿಷರಿಗೇ ಇವುಗಳ ಭೂತಕಾಲ ಹೇಳುವಾಗ ನಾಲಗೆ ತಡವರಿಸುತ್ತದೆ. ದಿನಬಳಕೆಗೆ ನಿಮಗೆ ಬೇಕಾದದ್ದು ಇಷ್ಟು: ವೇಕ್, ವೋಕ್, ವೋಕನ್. ಎಚ್ಚರವಾಗಿದ್ದೇನೆ ಎನ್ನಲು ‘ಐ ಆಮ್ ಅವೇಕ್’. ಉಳಿದವು ಕವಿತೆಗೆ, ಭಾಷಣಕ್ಕೆ. ಭಾಷಣವೆಂದಾಗ ವಿವೇಕಾನಂದರ ನೆನಪಾಗುತ್ತದೆ. ಕಠೋಪನಿಷತ್ತಿನಿಂದ ಅವರು ಎತ್ತಿಕೊಂಡ ಪ್ರಸಿದ್ಧ ಕರೆಯಲ್ಲಿ ಏಳುವುದು ಒಂದು ಕ್ರಿಯಾಪದ, ಎಚ್ಚರಗೊಳ್ಳುವುದು ಇನ್ನೊಂದು. ಅದರಲ್ಲೂ ಏಳುವುದೇ ಮೊದಲು. ಇಂಗ್ಲಿಷಿನ ‘ಅರೈಸ್, ಅವೇಕ್’ನಲ್ಲಿ ಎರಡೂ ಉಳಿದಿವೆ. ನಮ್ಮ ಶಾಲೆಗಳ ಗೋಡೆಯ ಮೇಲೆ ಬರೆಸುವ ಕನ್ನಡದಲ್ಲಿ ‘ಏಳಿ, ಎದ್ದೇಳಿ’ ಎಂದು ಎರಡು ಸಲವೂ ಏಳುವ ಮಾತೇ ಬಂದು ಎಚ್ಚರದ ಮಾತು ಬಿಟ್ಟುಹೋಗಿದೆ. ಕನ್ನಡದಲ್ಲಿ ಪದವಿಲ್ಲದೆ ಬಿಟ್ಟದ್ದಲ್ಲವಲ್ಲ. ಬರೆಸುವವರು ಮುಂದಿನ ಸಲ ಅದನ್ನೂ ಸೇರಿಸಲಿ ಎಂಬುದು ನನ್ನ ಕೋರಿಕೆ.

ಎಬ್ಬಿಸುವ ಮಾತಿಗೆ ಬರೋಣ. ಏಳು ಎಂಬುದು ನಾನೇ ಮಾಡುವುದು, ಎಬ್ಬಿಸು ಎಂಬುದು ಇನ್ನೊಬ್ಬರಿಂದ ಮಾಡಿಸುವುದು. ಇಂಗ್ಲಿಷಿನ ವೇಕ್ ತಾನೇ ಎಚ್ಚರವಾಗುವುದಕ್ಕೂ ಇನ್ನೊಬ್ಬರನ್ನು ಎಬ್ಬಿಸುವುದಕ್ಕೂ ಒಂದೇ. “ನನ್ನನ್ನ ಐದಕ್ಕೆ ಎಬ್ಬಿಸವ್ವ” ಎನ್ನುವುದನ್ನು ‘ಪ್ಲೀಸ್ ವೇಕ್ ಮಿ ಅಪ್ ಅಟ್ ಫೈವ್’ ಎನ್ನಬೇಕು. ‘ಮಿ’ ನಡುವೆ ಬರುತ್ತದೆ, ಕೊನೆಗಲ್ಲ. ಇಂಗ್ಲೆಂಡಿನಲ್ಲಿ ಗಿರಣಿಗಳ ಕಾಲದಲ್ಲಿ ಬೆಳಗಿನ ಪಾಳಿಯ ಕೂಲಿಕಾರರನ್ನು ಎಬ್ಬಿಸುವುದೇ ಕಸುಬಾಗಿದ್ದ ಜನ ಇದ್ದರು. ಉದ್ದನೆಯ ಕೋಲು ಹಿಡಿದು ಬೀದಿ ಬೀದಿ ತಿರುಗಿ, ಮಹಡಿಯ ಕಿಟಕಿ ತಟ್ಟಿ, ಒಳಗಿನವರು ಎದ್ದರೆಂದು ಖಾತ್ರಿಯಾದ ಮೇಲೆ ಮುಂದಿನ ಮನೆಗೆ ಹೋಗುತ್ತಿದ್ದರು. ಅವರನ್ನು ‘ನಾಕರ್ ಅಪ್’ ಎನ್ನುತ್ತಿದ್ದರು. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ನಾಕ್ ಅಪ್’ ಎಂದರೆ ಬಾಗಿಲು ತಟ್ಟಿ ಎಬ್ಬಿಸುವುದು. ಅಮೆರಿಕದಲ್ಲಿ ಅದಕ್ಕೆ ಬೇರೆಯೇ, ಸಭೆಯಲ್ಲಿ ಆಡಬಾರದ ಅರ್ಥ. ಮಕ್ಕಳು ಅಲ್ಲಿರುವ ತಂದೆತಾಯಿಗಳು ಈ ಮಾತನ್ನು ಬಳಸದಿರುವುದೇ ಲೇಸು. ‘ಅರೌಸ್’ ಎಂಬುದೂ ಹಾಗೆಯೇ. ಅನುಮಾನ, ಕುತೂಹಲ, ಕೋಪ ಕೆರಳಿಸುವುದಕ್ಕೆ ಇಟ್ಟುಕೊಳ್ಳಿ, ಮಲಗಿದ ಮನುಷ್ಯರಿಗೆ ಬೇಡ.

ಅಲಾರಂ ವಿಷಯದಲ್ಲಿ ನಮ್ಮ ಮಕ್ಕಳು ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ‘ದಿ ಅಲಾರಂ ವೆಂಟ್ ಆಫ್’ ಎಂದು ಪಾಠದಲ್ಲಿ ಬಂದರೆ, ಅಲಾರಂ ನಿಂತುಹೋಯಿತು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅವರ ತಪ್ಪಲ್ಲ. ಕರೆಂಟು ಆಫ್ ಆಯ್ತು, ಮೋಟಾರು ಆಫ್ ಮಾಡು, ಮೊಬೈಲು ಆಫ್ ಆಗಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುವ ಮಗುವಿಗೆ ಆಫ್ ಎಂದರೆ ನಿಲ್ಲುವುದೇ. ಆದರೆ ಅಲಾರಂ ‘ವೆಂಟ್ ಆಫ್’ ಎಂದರೆ ಅದು ಹೊಡೆಯಿತು, ಕೂಗಿತು ಎಂದರ್ಥ. ಪಟಾಕಿ ಸಿಡಿಯುವುದಕ್ಕೂ ಅದೇ ಮಾತು. ಪಟಾಕಿಯಿಂದ ಹೇಳಿಕೊಟ್ಟರೆ ಬೇಗ ನಾಟುತ್ತದೆ.

ಎಬ್ಬಿಸುವಾಗ ಮರ್ಯಾದೆ ಬೇಕು. ಇದು ಭಾಷೆಯ ವಿಷಯವೂ ಹೌದು, ಮನೆತನದ ವಿಷಯವೂ ಹೌದು. ಮಗನಿಗೆ “ಎದ್ದೇಳ್ಲಾ”, ಮಗಳಿಗೆ “ಏಳವ್ವ, ಏಳು ಕಂದ”, ಮನೆಗೆ ಬಂದ ಬೀಗರಿಗೆ “ಕಾಫಿ ಆಗದೆ, ಏಳ್ತೀರಾ?” ಬೀಗರಿಗೆ ಯಾರೂ ಏಳಿ ಎಂದು ಹೇಳುವುದಿಲ್ಲ, ಕಾಫಿಯ ಸುದ್ದಿ ಮುಟ್ಟಿಸುತ್ತಾರೆ. ತಾತನ ಹತ್ತಿರ ಹೋಗಿ “ತಾತ, ಹೊತ್ತಾಯ್ತು” ಎನ್ನುತ್ತೇವೆ, ಅಷ್ಟೇ. ಇಂಗ್ಲಿಷಿನಲ್ಲಿ ಬಹುವಚನದ ಮರ್ಯಾದೆ ಇಲ್ಲ. ‘ಗೆಟ್ ಅಪ್’ ಎಂದು ಬರಿದೇ ಹೇಳಿದರೆ ಅದು ಗದರಿದಂತೆ. ‘ಇಟ್ಸ್ ಟೈಮ್ ಟು ಗೆಟ್ ಅಪ್’ ಎನ್ನುವುದು ನಮ್ಮ ‘ಹೊತ್ತಾಯ್ತು’ವಿಗೆ ಹತ್ತಿರ. ಇನ್ನೂ ಮೆತ್ತಗೆ ಬೇಕೆಂದರೆ ‘ಆರ್ ಯೂ ಅವೇಕ್?’ ಎಂದು ಕೇಳಬಹುದು. ಕೇಳಿದ ಮೇಲೆ ಎಚ್ಚರವಾಗಿಯೇ ಆಗುತ್ತದೆ. ದೇವರನ್ನು ಎಬ್ಬಿಸುವ ಸುಪ್ರಭಾತದ್ದೂ ಇದೇ ಮರ್ಯಾದೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರ ಹುಡುಗ ರಾಮನನ್ನು ಎಬ್ಬಿಸುವ ಶ್ಲೋಕದಿಂದ ಆ ಸ್ತೋತ್ರ ಶುರುವಾಗುತ್ತದೆ. ತಾಯಿಯ ಹೆಸರೆತ್ತಿ, ಬೆಳಗಾಗುತ್ತಿದೆ ಎಂದು ತಿಳಿಸಿ, ಮಾಡಬೇಕಾದ ಕೆಲಸವನ್ನು ನೆನಪಿಸಿ ಎಬ್ಬಿಸುವ ಕ್ರಮ ಅದು. ನಂಜನಗೂಡಿನ ದೊಡ್ಡ ಜಾತ್ರೆಯ ಹಿಂದಿನ ರಾತ್ರಿ ಕಪಿಲೆಯ ದಡದಲ್ಲಿ, ಗುಡಿಯ ಸುತ್ತ, ಸೀರೆ ಹಾಸಿಕೊಂಡು ಮಲಗಿದ ಸಂಸಾರಗಳಲ್ಲಿ ತಾಯಂದಿರು ನಸುಕಿಗೇ ಮಕ್ಕಳನ್ನು ಎಬ್ಬಿಸುವುದನ್ನು ಕೇಳಿಸಿಕೊಳ್ಳಿ. “ಏಳು ಮಗ, ತೇರು ನೋಡ್ಬೇಡ್ವಾ?” ಎನ್ನುತ್ತಾರೆ. ಐದು ತೇರು ಎಳೆಯುವ ದಿನ ಅದು. 1989ರಲ್ಲಿ ಶುರುವಾದ, ತಿ. ನರಸೀಪುರದ ತಿರುಮಕೂಡಲಿನ ಕುಂಭಮೇಳ 2025ರ ಫೆಬ್ರವರಿಯಲ್ಲಿ ನಡೆದಾಗಲೂ ಸಂಗಮದ ದಡದಲ್ಲಿ ಬೆಳಗಿನ ಜಾವಕ್ಕೆ ಇಂಥದೇ ಮಾತು, ತೇರಿನ ಬದಲು ಹೊಳೆಯ ಸ್ನಾನ. ಎಬ್ಬಿಸುವುದಕ್ಕೆ ಒಂದು ಆಸೆ ತೋರಿಸುವ ಈ ಕಲೆಗೆ ಯಾವ ಭಾಷೆಯಲ್ಲೂ ಒಂಟಿ ಪದ ನನಗೆ ಸಿಕ್ಕಿಲ್ಲ.

ಕೊನೆಗೆ ಮೇಷ್ಟ್ರುಗಳಿಗೆ, ಮಿಸ್‌ಗಳಿಗೆ ಒಂದು ಮಾತು. ಪ್ರಾರ್ಥನೆ ಮುಗಿದ ಮೇಲೆ ಓಡೋಡಿ ಬಂದ ಮಗು ಬಾಗಿಲಲ್ಲಿ ನಿಂತು “ಎಚ್ಚರ ಆಗ್ಲಿಲ್ಲ ಮಿಸ್” ಅನ್ನುತ್ತದೆ. “ನಾನು ಏಳ್ಲಿಲ್ಲ ಮಿಸ್” ಎಂದು ಯಾವ ಮಗುವೂ ಹೇಳುವುದಿಲ್ಲ. ಎಚ್ಚರವಾಗದಿದ್ದರೆ ಅದು ತನ್ನ ಕೈಯಲ್ಲಿರಲಿಲ್ಲ, ಏಳದಿದ್ದರೆ ತನ್ನದೇ ತಪ್ಪು ಎಂದು ಅದಕ್ಕೆ ಗೊತ್ತು. ಇಂಗ್ಲಿಷಿನಲ್ಲಿ ಅರಿಯದೆ ಹೊತ್ತು ಮೀರಿ ಮಲಗಿದ್ದಕ್ಕೆ ‘ಓವರ್‌ಸ್ಲೆಪ್ಟ್’ ಎಂದೂ, ಬೇಕೆಂದೇ ಆರಾಮವಾಗಿ ಮಲಗಿದ್ದಕ್ಕೆ ‘ಸ್ಲೆಪ್ಟ್ ಇನ್’ ಎಂದೂ ಬೇರೆಬೇರೆ ಮಾತಿದೆ. ಮಗು ಬಾಗಿಲಲ್ಲಿ ನಿಂತಿರುವಾಗಲೇ ‘ಸಾರಿ ಮಿಸ್, ಐ ಓವರ್‌ಸ್ಲೆಪ್ಟ್’ ಎಂದು ಹೇಳಿಕೊಟ್ಟು, ಒಂದು ಸಲ ಹೇಳಿಸಿ, ಒಳಗೆ ಕರೆದುಕೊಳ್ಳಿ. ‘ಸ್ಲೆಪ್ಟ್ ಇನ್’ ಸೋಮವಾರಕ್ಕೆ ಇರಲಿ, ಭಾನುವಾರ ಯಾರು ಯಾರು ಎಷ್ಟು ಹೊತ್ತಿಗೆ ಎದ್ದಿರಿ ಎಂದು ತರಗತಿಯನ್ನೆಲ್ಲ ಕೇಳುವಾಗ.